ಹುಲ್ಲಿನ ಮದ್ದು ಲಿವರಿನಲ್ಲಿ ಕೂತುಬಿಡುತ್ತದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹೆಬ್ರಿ ಹತ್ತಿರ ಅಡಿಕೆ ತೋಟ. ಹುಲ್ಲು ತೆಗೆಯಲು ಜನ ಸಿಗುವುದಿಲ್ಲ, ಸಿಕ್ಕಿದರೂ ಸಂಬಳ ಕೊಟ್ಟು ಪೂರೈಸುವುದಿಲ್ಲ. ಹಾಗಾಗಿ ನಾಲ್ಕೈದು ವರ್ಷದಿಂದ ನಮ್ಮ ಯಜಮಾನರೇ ಪ್ಯಾರಾಕ್ವಾಟ್ ಅನ್ನುವ ಕಳೆನಾಶಕ ಹೊಡೆಯುತ್ತಾರೆ, ವರ್ಷಕ್ಕೆ ಎರಡು ಸಲ. ಬೆನ್ನಿಗೆ ಹಾಕುವ ಪಂಪಿನ ಮುಚ್ಚಳ ಸ್ವಲ್ಪ ಸೋರುತ್ತದೆ, ಸಂಜೆ ಬರುವಾಗ ಅಂಗಿಯ ಬೆನ್ನು ಒದ್ದೆ ಇರುತ್ತದೆ. ಅವರಿಗೆ 46 ವರ್ಷ, 84 ಕೆ.ಜಿ. ತೂಕ. ಶನಿವಾರ ಸ್ವಲ್ಪ ಕುಡಿಯುವುದುಂಟು. ಸೊಂಟ ನೋವಿಗೆ ಆಗಾಗ ಮೆಡಿಕಲಿನಿಂದ ಮಾತ್ರೆ ತಂದು ತಿನ್ನುತ್ತಾರೆ. ಕಳೆದ ತಿಂಗಳು ಊರಿನ ಕ್ಯಾಂಪಿನಲ್ಲಿ ರಕ್ತ ಪರೀಕ್ಷೆಗೆ ಕೊಟ್ಟಾಗ ಲಿವರಿನ ಸ್ಥಿತಿ ತೋರಿಸುವ ಎಸ್‌ಜಿಪಿಟಿ 92, ಎಸ್‌ಜಿಒಟಿ 58 ಬಂತು, ಎರಡೂ ಇರಬೇಕಾದದ್ದಕ್ಕಿಂತ ಜಾಸ್ತಿಯಂತೆ. ಬಿಲಿರುಬಿನ್, ಕ್ರಿಯಾಟಿನಿನ್ ಸರಿ ಇದೆ. ಮಾವ "ಎಂಡೋ ಹೊಡೆದ ಊರಿನ ಹಾಗೆ ಆಗ್ತದೆ ನೋಡು" ಅಂತ ಹೆದರಿಸಿದ್ದಾರೆ. ಅತ್ತೆ ದಿನಾ ಬೆಳಿಗ್ಗೆ ನೆಲನೆಲ್ಲಿ, ಅಮೃತಬಳ್ಳಿ ಕಷಾಯ ಕೊಡುತ್ತಿದ್ದಾರೆ. ಮದ್ದು ಹೊಡೆದ ದಿನ ಮಜ್ಜಿಗೆ ಕುಡಿದು ಬೆಲ್ಲ ತಿಂದರೆ ವಿಷ ಇಳಿಯುತ್ತದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಈ ಕಳೆನಾಶಕ ಆಕ್ಸಿಡೇಟಿವ್ ಸ್ಟ್ರೆಸ್ ಮಾಡಿ ಲಿವರ್ ಕೋಶಗಳನ್ನು ಕೊಲ್ಲುತ್ತದೆ ಅಂತ ಒಂದು ವಿಡಿಯೋ ನೋಡಿದ ಮೇಲೆ ನನಗೆ ನಿದ್ದೆಯೇ ಇಲ್ಲ. ವಿಷ ಲಿವರಿನಲ್ಲಿ ಕೂತಿದೆಯಾ? ಇದ್ದರೆ ಹೇಗೆ ತೆಗೆಯುವುದು? ಬಾವಿ ನೀರು ಕುಡಿಯಬಹುದಾ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಹೆದರಿಕೆ ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ವರ್ಷಗಟ್ಟಲೆ ಹೊಡೆದ ಮದ್ದು ಸ್ವಲ್ಪ ಸ್ವಲ್ಪ ಲಿವರಿನಲ್ಲಿ ಸೇರಿಕೊಂಡು ಈಗ ರಿಪೋರ್ಟಿನಲ್ಲಿ ಕಾಣಿಸಿದೆ ಅನ್ನುವುದು ಒಂದು. ಸೇರಿದ್ದನ್ನು ಕಷಾಯವೋ ಮಾತ್ರೆಯೋ ಕೊಟ್ಟು ತೊಳೆಯಬೇಕು ಅನ್ನುವುದು ಇನ್ನೊಂದು. ಎರಡೂ ಸರಿಯಲ್ಲ. ಎಸ್‌ಜಿಪಿಟಿ 92 ಆಗಿರುವುದಕ್ಕೆ ಬೇರೆ ಕಾರಣ ಇರುವ ಸಾಧ್ಯತೆಯೇ ಜಾಸ್ತಿ, ಅದನ್ನು ಮುಂದೆ ಹೇಳುತ್ತೇನೆ. ಆದರೆ ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಆ ಸೋರುವ ಮುಚ್ಚಳ, ಆ ಒದ್ದೆ ಅಂಗಿ ಇದೆಯಲ್ಲ, ನನಗೆ ರಿಪೋರ್ಟಿಗಿಂತ ಅದೇ ದೊಡ್ಡ ಚಿಂತೆ. ಆ ಪಂಪು ರಿಪೇರಿ ಆಗುವವರೆಗೆ ಅದನ್ನು ಬೆನ್ನಿಗೆ ಹಾಕಲೇಬಾರದು.

ನಾನು ಮಂಗಳೂರಿನಲ್ಲಿ ಲಿವರ್ ತೊಂದರೆಯವರನ್ನೂ ವಿಷ ಹೊಟ್ಟೆಗೆ ಹೋಗಿ ಬಂದವರನ್ನೂ ನೋಡುವ ವೈದ್ಯ. ಪ್ಯಾರಾಕ್ವಾಟ್ ಕುಡಿದವರಲ್ಲಿ ಲಿವರ್ ಹೇಗೆ ಹಾಳಾಗುತ್ತದೆ ಅಂತ ಹತ್ತಿರದಿಂದ ಕಂಡಿದ್ದೇನೆ. ತೋಟದಲ್ಲಿ ಹೊಡೆಯುವವರ ಲಿವರ್ ರಿಪೋರ್ಟುಗಳನ್ನೂ ಬೇಕಾದಷ್ಟು ನೋಡಿದ್ದೇನೆ. ಈ ಎರಡು ಬೇರೆ ಬೇರೆ ಕಥೆ.

ಮೊದಲು ನಿಮ್ಮ ಮಾವನ ಮಾತು. ನಮ್ಮ ಜಿಲ್ಲೆಗಳಲ್ಲಿ ಯಾವ ಮದ್ದಿನ ಹೆಸರು ಹೇಳಿದರೂ ಜನರಿಗೆ ಕೊಕ್ಕಡ, ಪಟ್ರಮೆ, ನಿಡ್ಲೆ ನೆನಪಾಗುತ್ತದೆ. ಗೇರು ತೋಟಗಳಿಗೆ ಮೇಲಿನಿಂದ ಎಂಡೋಸಲ್ಫಾನ್ ಸುರಿದ ಊರುಗಳು ಅವು, ಆ ಮನೆಗಳ ಕಷ್ಟ ಇವತ್ತಿಗೂ ಮುಗಿದಿಲ್ಲ. ಮಾವ ಹೆದರುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಎಂಡೋಸಲ್ಫಾನ್ ಕೀಟನಾಶಕ. ಕೊಬ್ಬಿನಲ್ಲಿ ಕರಗುತ್ತದೆ, ಮುಖ್ಯವಾಗಿ ನರಗಳ ಮೇಲೆ ಕೆಲಸ ಮಾಡುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಪ್ಯಾರಾಕ್ವಾಟ್ ಕಳೆನಾಶಕ, ನೀರಿನಲ್ಲಿ ಕರಗುವ ಒಂದು ಲವಣ. ಕೊಬ್ಬಿನಲ್ಲಿ ಕೂರುವ ಗುಣ ಅದಕ್ಕಿಲ್ಲ. ಕಿಡ್ನಿ ಸರಿ ಇರುವವರಲ್ಲಿ, ರಕ್ತಕ್ಕೆ ಸೇರಿದ ಪ್ಯಾರಾಕ್ವಾಟಿನ ಹೆಚ್ಚಿನ ಪಾಲು ಮೊದಲ 24 ಗಂಟೆಯೊಳಗೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಅದೂ ಬದಲಾಗದೆ, ಹೇಗೆ ಒಳಗೆ ಹೋಯಿತೋ ಹಾಗೆಯೇ. ಹೋದ ವರ್ಷ ಹೊಡೆದದ್ದು ಈ ವರ್ಷದವರೆಗೆ ಲಿವರಿನಲ್ಲಿ ಕಾದು ಕೂರುವುದಿಲ್ಲ.

ಹಾಗಾದರೆ ವಿಡಿಯೋದಲ್ಲಿ ಹೇಳಿದ್ದು ಸುಳ್ಳಾ? ಸುಳ್ಳಲ್ಲ. ಸಾಕಷ್ಟು ಪ್ರಮಾಣದಲ್ಲಿ ಒಳಗೆ ಹೋದರೆ ಅದು ಲಿವರ್ ಕೋಶಗಳನ್ನು ಕೊಲ್ಲುವುದು ಆಕ್ಸಿಡೇಟಿವ್ ಹಾನಿಯಿಂದಲೇ, ಅಂದರೆ ಆಮ್ಲಜನಕದಿಂದ ಹುಟ್ಟುವ ಉಗ್ರ ಕಣಗಳ ಹೊಡೆತದಿಂದ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕಂದರೆ ಇದು ಅರ್ಥವಾದರೆ ಮಜ್ಜಿಗೆ, ಬೆಲ್ಲ, ಕಷಾಯ, ವಿಟಮಿನ್ ಮಾತ್ರೆ ಇವುಗಳ ಬಗ್ಗೆ ನಾನು ಹೇಳುವುದೆಲ್ಲ ತಾನಾಗಿ ಅರ್ಥವಾಗುತ್ತದೆ.

ನಮ್ಮ ಜೀವಕೋಶಗಳಲ್ಲಿ ಎನ್‌ಎಡಿಪಿಎಚ್ ಅನ್ನುವ ಒಂದು ವಸ್ತು ಇದೆ. ಕೋಶದ ಕೆಲಸಗಳಿಗೆ ಎಲೆಕ್ಟ್ರಾನ್ ಕೊಡುವುದು ಅದರ ಕೆಲಸ. ಲಿವರ್ ಕೋಶದಲ್ಲಿ ಸೈಟೋಕ್ರೋಮ್ ಪಿ450 ರಿಡಕ್ಟೇಸ್ ಅನ್ನುವ ಕಿಣ್ವ ಧಾರಾಳವಾಗಿದೆ. ನಾವು ತಿಂದ ಮಾತ್ರೆ, ಕುಡಿದ ಹೆಂಡ ಎಲ್ಲವನ್ನೂ ಒಡೆಯುವ ವ್ಯವಸ್ಥೆಗೆ ಎಲೆಕ್ಟ್ರಾನ್ ಸಾಗಿಸುವುದು ಇದೇ. ಪ್ಯಾರಾಕ್ವಾಟ್ ಒಳಗೆ ಬಂದರೆ ಈ ಕಿಣ್ವ ಅದಕ್ಕೂ ಒಂದು ಎಲೆಕ್ಟ್ರಾನ್ ಕೊಟ್ಟುಬಿಡುತ್ತದೆ. ಕೋಶಕ್ಕೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾದಲ್ಲೂ ಇದೇ ನಡೆಯುತ್ತದೆ. ಎಲೆಕ್ಟ್ರಾನ್ ಸಿಕ್ಕಿದ ಪ್ಯಾರಾಕ್ವಾಟ್ ಅದನ್ನು ಒಂದು ಕ್ಷಣವೂ ಇಟ್ಟುಕೊಳ್ಳದೆ ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಆ ಆಮ್ಲಜನಕ ಸೂಪರ್ ಆಕ್ಸೈಡ್ ಅನ್ನುವ ಉಗ್ರ ಕಣ ಆಗುತ್ತದೆ. ಪ್ಯಾರಾಕ್ವಾಟ್ ಮಾತ್ರ ಮೊದಲಿನ ಹಾಗೆಯೇ ಆಗಿ ಇನ್ನೊಂದು ಎಲೆಕ್ಟ್ರಾನಿಗೆ ಕೈ ಚಾಚುತ್ತದೆ. ಬಾವಿಗೆ ಇಳಿದು ನೀರು ಮೊಗೆದು ಅಂಗಳಕ್ಕೆ ಚೆಲ್ಲಿ ಖಾಲಿಯಾಗಿ ಮತ್ತೆ ಇಳಿಯುವ ಕೊಡದ ಹಾಗೆ. ಕೊಡ ಸವೆಯುವುದಿಲ್ಲ. ಇತ್ತ ಬಾವಿ ಬತ್ತುತ್ತದೆ, ಅತ್ತ ಅಂಗಳ ಮುಳುಗುತ್ತದೆ.

ಈ ಸೂಪರ್ ಆಕ್ಸೈಡನ್ನು ಕೋಶದ ಕಿಣ್ವಗಳು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತವೆ. ಅದನ್ನು ಆಗಿಂದಾಗ ನೀರಾಗಿ ಮಾಡಿದರೆ ಪರವಾಗಿಲ್ಲ, ಆ ಕೆಲಸಕ್ಕೆ ಕ್ಯಾಟಲೇಸ್ ಇದೆ, ಗ್ಲುಟಾಥಯೋನ್ ಇದೆ. ಆದರೆ ಹೊರೆ ಜಾಸ್ತಿಯಾಗಿ ಉಳಿದುಹೋದ ಪೆರಾಕ್ಸೈಡ್ ಕೋಶದಲ್ಲಿರುವ ಕಬ್ಬಿಣದ ಜೊತೆ ಸೇರಿದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಲಿವರಿನಲ್ಲಿ ಕಬ್ಬಿಣಕ್ಕೇನೂ ಬರ ಇಲ್ಲ ಅಲ್ವಾ. ಈ ರ‍್ಯಾಡಿಕಲ್ ಎದುರಿಗೆ ಸಿಕ್ಕಿದ್ದನ್ನು ಬಿಡುವುದಿಲ್ಲ. ಕೋಶದ ಪೊರೆಯ ಕೊಬ್ಬು, ಪ್ರೋಟೀನ್, ಡಿಎನ್‌ಎ, ಯಾವುದಾದರೂ ಸರಿ. ಪೊರೆಯ ಕೊಬ್ಬು ಒಂದು ಕಡೆ ಹಾಳಾಗಲು ಶುರುವಾದರೆ ಪಕ್ಕದ್ದಕ್ಕೆ ಹರಡುತ್ತಾ ಹೋಗುತ್ತದೆ. ಪೊರೆ ತೂತಾದ ಕೋಶದಿಂದ ಒಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ನಿಮ್ಮ ರಿಪೋರ್ಟಿನಲ್ಲಿರುವ ಎಸ್‌ಜಿಪಿಟಿ ಅಂಥದ್ದೇ ಒಂದು ಕಿಣ್ವ. ಮೈಟೋಕಾಂಡ್ರಿಯಾ ಹಾಳಾದರೆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುವ ದಾರಿ ಹಿಡಿಯುತ್ತದೆ.

ಇಲ್ಲಿ ಒಂದು ಮಾತು ಮುಖ್ಯ. ಖರ್ಚಾದ ಗ್ಲುಟಾಥಯೋನನ್ನು ಮತ್ತೆ ಸಜ್ಜು ಮಾಡಲು ಕೋಶಕ್ಕೆ ಬೇಕಾಗುವುದೂ ಎನ್‌ಎಡಿಪಿಎಚ್. ಅಂದರೆ ಹಾನಿ ಮಾಡುವುದಕ್ಕೂ ಹಾನಿ ತಡೆಯುವುದಕ್ಕೂ ನೀರು ಅದೇ ಬಾವಿಯಿಂದ ಬರಬೇಕು. ಪ್ಯಾರಾಕ್ವಾಟ್ ಇಷ್ಟು ಕ್ರೂರ ಆಗುವುದು ಅದಕ್ಕೇ.

ಇದನ್ನು ಕಣ್ಣಲ್ಲೇ ನೋಡಬಹುದು. ಯಾರಾದರೂ ಯಾವುದೋ ಹುಲ್ಲಿನ ಮದ್ದು ಕುಡಿದಿದ್ದಾರೆ, ಯಾವುದು ಅಂತ ಗೊತ್ತಿಲ್ಲ ಅಂತ ಬಂದರೆ ನಾವು ಅವರ ಮೂತ್ರಕ್ಕೆ ಕ್ಷಾರ ಮತ್ತು ಸೋಡಿಯಂ ಡೈಥಯೋನೈಟ್ ಪುಡಿ ಹಾಕಿ ನೋಡುತ್ತೇವೆ. ಪ್ಯಾರಾಕ್ವಾಟ್ ಇದ್ದರೆ ಟ್ಯೂಬು ನೀಲಿಯಾಗುತ್ತದೆ, ಜಾಸ್ತಿ ಇದ್ದರೆ ಕಡು ನೀಲಿ. ಆ ನೀಲಿ ಬಣ್ಣ ಎಲೆಕ್ಟ್ರಾನ್ ಪಡೆದುಕೊಂಡ ಪ್ಯಾರಾಕ್ವಾಟಿನದ್ದೇ. ಲಿವರ್ ಕೋಶದಲ್ಲಿ ಕಿಣ್ವ ಮಾಡುವ ಕೆಲಸವನ್ನು ಇಲ್ಲಿ ಆ ಪುಡಿ ಮಾಡಿದೆ. ಟ್ಯೂಬನ್ನು ಚೆನ್ನಾಗಿ ಅಲ್ಲಾಡಿಸಿ ಗಾಳಿ ಬೆರೆಸಿದರೆ ನೀಲಿ ಮಾಸುತ್ತದೆ, ಎಲೆಕ್ಟ್ರಾನ್ ಆಮ್ಲಜನಕಕ್ಕೆ ಹೋಯಿತು ಅಂತ ಅರ್ಥ. ಇನ್ನಷ್ಟು ಪುಡಿ ಹಾಕಿದರೆ ಮತ್ತೆ ನೀಲಿ. ಹೊಸದಾಗಿ ಬಂದ ವೈದ್ಯ ವಿದ್ಯಾರ್ಥಿಗಳಿಗೆ ನಾನು ಪುಸ್ತಕ ತೆರೆಯುವ ಮೊದಲು ಇದನ್ನೇ ತೋರಿಸುತ್ತೇನೆ. ನಿಮ್ಮ ಯಜಮಾನರಿಗೆ ಈ ಪರೀಕ್ಷೆ ಬೇಕಾ ಅಂದರೆ ಬೇಡ. ಹೊಡೆದು ತಿಂಗಳಾದ ಮೇಲೆ ಇದರಲ್ಲಿ ಏನೂ ಸಿಗುವುದಿಲ್ಲ.

ಕಳೆ ಸಾಯುವುದೂ ಹೀಗೆಯೇ. ಎಲೆಯಲ್ಲಿ ದ್ಯುತಿಸಂಶ್ಲೇಷಣೆ ನಡೆಯುವಾಗ ಹರಿಯುವ ಎಲೆಕ್ಟ್ರಾನನ್ನು ಇದು ಕದಿಯುತ್ತದೆ, ಹಾಗಾಗಿ ಒಳ್ಳೆ ಬಿಸಿಲಿರುವ ದಿನ ಬೆಳಿಗ್ಗೆ ಹೊಡೆದರೆ ಸಂಜೆಗೇ ಹುಲ್ಲು ಬಾಡುತ್ತದೆ.

ಕುಡಿದವರಲ್ಲಿ ಏನಾಗುತ್ತದೆ ಅಂತಲೂ ಹೇಳಬೇಕು. ಮೊದಲ ಒಂದೆರಡು ದಿನ ರೋಗಿ ಕೂತು ಮಾತಾಡುತ್ತಿರುತ್ತಾರೆ. ಬಾಯಿ, ನಾಲಿಗೆ, ಗಂಟಲು ಸುಟ್ಟು ಬಿಳಿಯಾಗಿರುತ್ತದೆ, ಉಗುಳು ನುಂಗಲು ಆಗುವುದಿಲ್ಲ, ಆದರೂ ಎಚ್ಚರ ಇರುತ್ತದೆ. ಮನೆಯವರು "ಏನೂ ಆಗಿಲ್ಲವಲ್ಲ, ಕರೆದುಕೊಂಡು ಹೋಗುತ್ತೇವೆ" ಅನ್ನುತ್ತಾರೆ. ಅದೇ ಹೊತ್ತಿನಲ್ಲಿ ಒಳಗೆ ಕಿಡ್ನಿ ಸೋಲುತ್ತಿರುತ್ತದೆ. ಆಮೇಲೆ ಕಣ್ಣು ಹಳದಿಯಾಗುತ್ತದೆ, ಲಿವರ್ ಕೋಶಗಳ ಜೊತೆಗೆ ಪಿತ್ತನಾಳಗಳಿಗೂ ಪೆಟ್ಟು ಬಿದ್ದಿರುತ್ತದೆ. ಕೊನೆಗೆ ಶ್ವಾಸಕೋಶ. ಶ್ವಾಸಕೋಶದ ಕೋಶಗಳು ಪಾಲಿಅಮೀನ್ ಅನ್ನುವ ತಮಗೆ ಬೇಕಾದ ವಸ್ತು ಅಂದುಕೊಂಡು ಪ್ಯಾರಾಕ್ವಾಟನ್ನು ತಾವೇ ಒಳಗೆ ಎಳೆದುಕೊಳ್ಳುತ್ತವೆ, ಅಲ್ಲಿ ಆಮ್ಲಜನಕಕ್ಕೆ ಕೊರತೆಯೇ ಇಲ್ಲ, ಹಾಗಾಗಿ ಚಕ್ರ ಜೋರಾಗಿ ತಿರುಗುತ್ತದೆ. ಬದುಕಿ ಉಳಿದವರಲ್ಲಿ ಲಿವರ್ ಸಾಮಾನ್ಯವಾಗಿ ಸುಧಾರಿಸಿಕೊಳ್ಳುತ್ತದೆ, ಹೊಸ ಕೋಶ ಬೆಳೆಸುವ ಶಕ್ತಿ ಅದಕ್ಕಿದೆ. ಗಟ್ಟಿಯಾಗಿ ನಾರು ಬೆಳೆದ ಶ್ವಾಸಕೋಶ ಮಾತ್ರ ಮೊದಲಿನ ಹಾಗೆ ಆಗುವುದು ಕಷ್ಟ. ಸಾವು ಹೆಚ್ಚಾಗಿ ಬರುವುದು ಆ ದಾರಿಯಿಂದ. ಈ ರೋಗಿಗಳಿಗೆ ತೀರಾ ಅನಿವಾರ್ಯ ಆಗುವವರೆಗೆ ನಾವು ಆಮ್ಲಜನಕ ಹಚ್ಚುವುದಿಲ್ಲ. "ಉಸಿರು ಕಟ್ಟುತ್ತಿದೆ, ಆಕ್ಸಿಜನ್ ಯಾಕೆ ಕೊಡುತ್ತಿಲ್ಲ" ಅಂತ ಮನೆಯವರು ಸಿಟ್ಟಾಗುತ್ತಾರೆ. ಅವರಿಗೆ ಈ ಚಕ್ರವನ್ನು ವಿವರಿಸುವುದು ನನ್ನ ಕೆಲಸದಲ್ಲಿ ತುಂಬಾ ಕಷ್ಟದ ಭಾಗ.

ಇದಕ್ಕೆ ಪ್ರತಿವಿಷ ಇಲ್ಲ. ಈ ಮಾತನ್ನು ಮೆತ್ತಗೆ ಮಾಡಿ ಹೇಳಲು ನನಗೆ ಇಷ್ಟವಿಲ್ಲ.

ಈಗ ಆಂಟಿಆಕ್ಸಿಡೆಂಟ್, ಅಂದರೆ ಇಂಥ ಹಾನಿ ತಡೆಯುವ ವಸ್ತುಗಳ ವಿಷಯ. ಹಾನಿ ಆಕ್ಸಿಡೇಟಿವ್ ಆದರೆ ಆಂಟಿಆಕ್ಸಿಡೆಂಟ್ ಕೊಟ್ಟರೆ ಸರಿಹೋಗಬೇಕಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ವಿಟಮಿನ್ ಸಿ, ವಿಟಮಿನ್ ಇ, ಅರಸಿನದ ಕರ್ಕ್ಯುಮಿನ್, ಎನ್-ಅಸಿಟೈಲ್‌ಸಿಸ್ಟೀನ್ ಎಲ್ಲವನ್ನೂ ಇಲಿಗಳಲ್ಲಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಲಿವರ್ ಕೋಶಗಳಲ್ಲಿ ಪರೀಕ್ಷೆ ಮಾಡಿದ್ದಾರೆ, ಒಳ್ಳೆ ಫಲವೂ ಕಂಡಿದೆ. ಆದರೆ ಅಂಥ ಬಹಳಷ್ಟು ಪ್ರಯೋಗಗಳಲ್ಲಿ ವಿಷಕ್ಕೆ ಮೊದಲೇ, ಇಲ್ಲವೇ ವಿಷದ ಜೊತೆಯಲ್ಲೇ ಮದ್ದು ಕೊಟ್ಟಿರುತ್ತಾರೆ. ಮನುಷ್ಯರು ಆಸ್ಪತ್ರೆಗೆ ಬರುವುದು ಕುಡಿದು ಗಂಟೆಗಳಾದ ಮೇಲೆ. ಪ್ಯಾರಸಿಟಮಾಲ್ ಜಾಸ್ತಿಯಾಗಿ ಲಿವರ್ ಕೆಟ್ಟಾಗ ಎನ್-ಅಸಿಟೈಲ್‌ಸಿಸ್ಟೀನ್ ನಿಜವಾಗಿ ಪ್ರಾಣ ಉಳಿಸುತ್ತದೆ, ಅಲ್ಲಿ ಗ್ಲುಟಾಥಯೋನ್ ತುಂಬಿಕೊಟ್ಟರೆ ಕೆಲಸ ಆಯಿತು. ಇಲ್ಲಿ ಮೊಗೆಯುವ ಕೊಡ ಒಳಗೆ ಇರುವವರೆಗೆ ಎಷ್ಟು ತುಂಬಿದರೂ ಖಾಲಿ. ಹಾಗಂತ ನಾವು ಕೊಡುವುದಿಲ್ಲ ಅಂತಲ್ಲ, ಕೊಡುತ್ತೇವೆ, ಅದರಿಂದ ದೊಡ್ಡ ತೊಂದರೆ ಇಲ್ಲ. ಅದರ ಮೇಲೆ ಭರವಸೆ ಇಡುವ ಹಾಗೂ ಇಲ್ಲ. ಇನ್ನು ಕಬ್ಬಿಣ ಬಿಡುಗಡೆಯಾಗಿರುವ ಜಾಗದಲ್ಲಿ ವಿಟಮಿನ್ ಸಿ ಉಲ್ಟಾ ಕೆಲಸ ಮಾಡುವ ಸಾಧ್ಯತೆಯೂ ಇದೆ, ಅದಕ್ಕೇ ದಿನಾ ದೊಡ್ಡ ಡೋಸಿನ ಮಾತ್ರೆ ನುಂಗಿ ತೋಟಕ್ಕೆ ಹೋದರೆ ರಕ್ಷಣೆ ಅಂತ ಅಂದುಕೊಳ್ಳಬೇಡಿ.

ಮಜ್ಜಿಗೆ, ಬೆಲ್ಲ? ಹಸಿವಿಗೆ ಒಳ್ಳೆಯದು. ಬೆನ್ನಿನ ಚರ್ಮದ ಮೇಲಿರುವ ಮದ್ದಿಗೆ ಹೊಟ್ಟೆಯಲ್ಲಿರುವ ಮಜ್ಜಿಗೆ ಏನೂ ಮಾಡಲಾರದು. ಇನ್ನೊಂದು ಅಪಾಯ ಏನೆಂದರೆ ಮಜ್ಜಿಗೆ ಕುಡಿದೆ, ಆಯಿತು ಅಂತ ಸಮಾಧಾನ ಮಾಡಿಕೊಂಡು ಸಾಬೂನು ಹಚ್ಚಿ ಸ್ನಾನ ಮಾಡುವುದನ್ನು ರಾತ್ರಿಗೆ ಮುಂದೂಡುತ್ತಾರೆ.

ಅತ್ತೆಯ ಕಷಾಯದ ಬಗ್ಗೆ ಜಾಗ್ರತೆಯಿಂದ ಮಾತಾಡಬೇಕು, ಅವರು ಮಗನ ಮೇಲಿನ ಪ್ರೀತಿಯಿಂದ ಕೊಡುತ್ತಿದ್ದಾರೆ. ನೆಲನೆಲ್ಲಿ ನಮ್ಮ ಕರಾವಳಿಯಲ್ಲಿ ಕಾಮಾಲೆಗೆ ಹಳೆಯ ಮದ್ದು, ಅದರಿಂದ ಎಸ್‌ಜಿಪಿಟಿ ಏರಿತು ಅಂತ ನಾನು ಹೇಳುವುದಿಲ್ಲ. ಅಮೃತಬಳ್ಳಿ ಬೇರೆ. ಕೋವಿಡ್ ಸಮಯದಲ್ಲಿ ಜನ ದಿನಾ ಕುಡಿದು ಲಿವರ್ ಉರಿಯೂತ ಆದದ್ದನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು, ಆಮೇಲೆ ಬೇರೆ ಊರುಗಳಿಂದಲೂ ವರದಿ ಬಂತು. ಈಗಾಗಲೇ ಎಸ್‌ಜಿಪಿಟಿ ಜಾಸ್ತಿ ಇರುವವರಿಗೆ ಅದು ಬೇಡವೇ ಬೇಡ. ಎರಡನ್ನೂ ಸದ್ಯಕ್ಕೆ ನಿಲ್ಲಿಸಿ. ಅತ್ತೆಯ ಹತ್ತಿರ "ಡಾಕ್ಟ್ರು ಮುಂದಿನ ರಕ್ತ ಪರೀಕ್ಷೆವರೆಗೆ ಏನೂ ಕೊಡಬೇಡಿ ಅಂದಿದ್ದಾರೆ, ಇಲ್ಲದಿದ್ದರೆ ಯಾವುದರಿಂದ ಏರಿದ್ದು ಅಂತ ಗೊತ್ತಾಗುವುದಿಲ್ಲವಂತೆ" ಅಂತ ಹೇಳಿ. ಅದು ನಿಜವೂ ಹೌದು.

ಹಾಗಾದರೆ 92 ಯಾಕೆ? ನೀವೇ ಬರೆದದ್ದನ್ನು ಜೋಡಿಸಿ ನೋಡಿ. ವಯಸ್ಸು 46, ತೂಕ 84, ಶನಿವಾರದ ಕುಡಿತ, ಸೊಂಟ ನೋವಿನ ಮಾತ್ರೆ, ದಿನಾ ಕಷಾಯ. ಎಸ್‌ಜಿಒಟಿಗಿಂತ ಎಸ್‌ಜಿಪಿಟಿ ಜಾಸ್ತಿ ಇದೆ. ಈ ಚಿತ್ರ ಬಹಳ ಮಟ್ಟಿಗೆ ಫ್ಯಾಟಿ ಲಿವರಿನದ್ದು, ಅಂದರೆ ಲಿವರಿನಲ್ಲಿ ಕೊಬ್ಬು ತುಂಬಿಕೊಳ್ಳುವುದು. ಬರೀ ಕುಡಿತದ್ದಾಗಿದ್ದರೆ ಸಾಮಾನ್ಯವಾಗಿ ಎಸ್‌ಜಿಒಟಿ ಮುಂದೆ ಇರುತ್ತದೆ. ನೋವಿನ ಮಾತ್ರೆಗಳಲ್ಲಿ ಡೈಕ್ಲೋಫೆನಾಕ್ ಲಿವರಿಗೆ ತೊಂದರೆ ಕೊಡುವುದು ಗೊತ್ತಿರುವ ವಿಷಯ. ಹೆಪಟೈಟಿಸ್ ಬಿ, ಸಿ ಇಲ್ಲ ಅಂತಲೂ ಖಚಿತ ಮಾಡಿಕೊಳ್ಳಬೇಕು. ಇನ್ನೊಂದು ನಮ್ಮ ಕಡೆಯದ್ದೇ ಕಾಯಿಲೆ, ಇಲಿಜ್ವರ. ಮಳೆಗಾಲದಲ್ಲಿ ಗದ್ದೆ, ತೋಟದ ಕೆಸರಿನಲ್ಲಿ ಬರಿಗಾಲಿನಲ್ಲಿ ಓಡಾಡುವವರಿಗೆ ಬರುತ್ತದೆ. ಜ್ವರ, ಮೀನಖಂಡದಲ್ಲಿ ಹಿಡಿದುಕೊಂಡ ಹಾಗೆ ನೋವು, ಕೆಂಪು ಕಣ್ಣು, ಆಮೇಲೆ ಕಾಮಾಲೆ. ಅದು ಬೇಗ ಗೊತ್ತಾದರೆ ಸಾಧಾರಣ ಆ್ಯಂಟಿಬಯಾಟಿಕ್‌ನಲ್ಲಿ ಹೋಗುತ್ತದೆ, ತಡವಾದರೆ ಕಿಡ್ನಿ ಹಿಡಿಯುತ್ತದೆ. ತೋಟದವರು ಜ್ವರ ಬಂದಾಗಲೂ "ಮದ್ದು ಹೊಡೆದದ್ದಕ್ಕೆ ಉಷ್ಣ ಆಗಿದೆ" ಅಂತ ಎಳನೀರು ಕುಡಿದು ಮಲಗುತ್ತಾರೆ. ಎಲ್ಲದಕ್ಕೂ ಹುಲ್ಲಿನ ಮದ್ದನ್ನೇ ಕಾರಣ ಮಾಡಿದರೆ ಹೀಗೆ ನಿಜವಾದ ಕಾಯಿಲೆ ಕೈ ತಪ್ಪುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಕಷಾಯ, ಕುಡಿತ, ತಾವೇ ತಂದು ತಿನ್ನುವ ಮಾತ್ರೆ ಮೂರನ್ನೂ ನಿಲ್ಲಿಸಿ ಒಂದೂವರೆ ತಿಂಗಳು ಬಿಟ್ಟು ಲಿವರ್ ಪರೀಕ್ಷೆ ಮತ್ತೆ ಮಾಡಿಸಿ. ಜೊತೆಗೆ ಹೊಟ್ಟೆಯ ಸ್ಕ್ಯಾನಿಂಗ್, ಶುಗರ್, ಕೊಲೆಸ್ಟ್ರಾಲ್, ಹೆಪಟೈಟಿಸ್ ಬಿ ಮತ್ತು ಸಿ. ಫ್ಯಾಟಿ ಲಿವರ್ ಅಂತಾದರೆ ತೂಕದಲ್ಲಿ ಶೇಕಡಾ 7ರಿಂದ 10ರಷ್ಟು ಇಳಿಸಿದರೆ ಲಿವರಿನ ಕೊಬ್ಬು, ಉರಿಯೂತ ಎರಡೂ ಕಡಿಮೆಯಾಗುತ್ತದೆ. ಅವರಿಗೆ ಅದು 6ರಿಂದ 8 ಕೆ.ಜಿ. ಆಗುತ್ತದೆ, ಒಂದು ವರ್ಷದಲ್ಲಿ ಆಗದ ಮಾತೇನಲ್ಲ.

ಈಗ ಮತ್ತೆ ಆ ಒದ್ದೆ ಅಂಗಿಗೆ ಬರುತ್ತೇನೆ. ಗಾಯ ಇಲ್ಲದ ಚರ್ಮದ ಮೂಲಕ ಪ್ಯಾರಾಕ್ವಾಟ್ ಒಳಗೆ ಹೋಗುವುದು ಬಹಳ ಕಡಿಮೆ. ಕಂಪನಿಯವರು ಹೇಳುವುದೂ ಇದನ್ನೇ, ಅಷ್ಟರ ಮಟ್ಟಿಗೆ ಸರಿ. ಆದರೆ ಮದ್ದು ಚರ್ಮವನ್ನೇ ಸುಡುತ್ತದೆ, ಸುಟ್ಟ ಚರ್ಮ ತಡೆಯುವುದಿಲ್ಲ. ಸೋರುವ ಪಂಪು ಬೆನ್ನಿಗೆ ಹಾಕಿ ಗಂಟೆಗಟ್ಟಲೆ ಒದ್ದೆ ಬಟ್ಟೆಯಲ್ಲಿ ಕೆಲಸ ಮಾಡಿ ಸತ್ತವರ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿ ಇವೆ. ಹೆಬ್ರಿ ಕಡೆ ಉಂಬಳ ಕಚ್ಚಿದ ಗಾಯ ಇಲ್ಲದ ಕಾಲು ಯಾವುದಿದೆ? ಅಡಿಕೆ ಸುಲಿದು ಬೆರಳು ಸೀಳಿರುತ್ತದೆ. ಅವರ ಬೆರಳಿನ ಉಗುರುಗಳನ್ನು ಒಮ್ಮೆ ನೋಡಿ, ಬಿಳಿ ಪಟ್ಟಿ ಅಥವಾ ಉಗುರು ಏಳುವುದು ಕಂಡರೆ ಗಟ್ಟಿ ಮದ್ದನ್ನು ಬರಿಗೈಯಲ್ಲಿ ಮುಟ್ಟುತ್ತಿದ್ದಾರೆ ಅಂತ ಅರ್ಥ. ಅಳೆದು ಪಂಪಿಗೆ ಸುರಿಯುವ ಹೊತ್ತೇ ಎಲ್ಲಕ್ಕಿಂತ ಅಪಾಯ, ಯಾಕಂದರೆ ಬಾಟ್ಲಿಯಲ್ಲಿರುವುದು ನೀರು ಬೆರೆಸದ ಶೇಕಡಾ 24ರ ದ್ರಾವಣ. ಆಗ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದುವ ಅಭ್ಯಾಸ ಬಹಳ ಜನಕ್ಕಿದೆ. ದಯವಿಟ್ಟು ಕೇಳಿ, ನಿಮ್ಮವರೂ ಊದುತ್ತಾರೆಯೇ ಅಂತ. ಬಟ್ಟೆ ಒದ್ದೆಯಾದ ತಕ್ಷಣ ಕೆಲಸ ಬಿಟ್ಟು ಸಾಬೂನು ಹಚ್ಚಿ ತೊಳೆಯಬೇಕು, ಸಂಜೆವರೆಗೆ ಕಾಯುವುದಲ್ಲ. ಮುಖಕ್ಕೆ ಕಟ್ಟುವ ಬಟ್ಟೆ ಹನಿಯಲ್ಲಿ ನೆನೆದರೆ ಅದನ್ನೂ ಬಿಸಾಡಬೇಕು.

ದೀರ್ಘಕಾಲದ ಪರಿಣಾಮ ಏನೂ ಇಲ್ಲ ಅಂತಲ್ಲ. ಪ್ಯಾರಾಕ್ವಾಟ್ ಬಳಸಿದವರಲ್ಲಿ ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಸುಮಾರು ಎರಡೂವರೆ ಪಟ್ಟು ಜಾಸ್ತಿ ಕಂಡಿತು ಅಂತ ಅಮೆರಿಕದ ಒಂದು ಅಧ್ಯಯನ 2011ರಲ್ಲಿ ಹೇಳಿತು. ಅದು ಸಂಬಂಧ ತೋರಿಸುತ್ತದೆ, ಕಾರಣ ಅಂತ ಸಾಬೀತು ಮಾಡುವುದಿಲ್ಲ. ಆದರೂ ಆ ಕಾಯಿಲೆಯಲ್ಲಿ ಹಾಳಾಗುವ ಮೆದುಳಿನ ಕೋಶಗಳೂ ಆಕ್ಸಿಡೇಟಿವ್ ಹಾನಿಗೆ ಬಹಳ ಸೂಕ್ಷ್ಮ, ಹಾಗಾಗಿ ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ.

ಬಾವಿ ನೀರಿನ ಬಗ್ಗೆ ನೆಮ್ಮದಿಯಾಗಿರಿ, ಒಂದು ಷರತ್ತಿನ ಮೇಲೆ. ಪ್ಯಾರಾಕ್ವಾಟ್ ಜೇಡಿಮಣ್ಣಿಗೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಅಂದರೆ ಮಣ್ಣಿನ ಮೂಲಕ ಇಳಿದು ಬಾವಿಗೆ ಬರುವುದು ಕಡಿಮೆ. ಕುಡಿದು ಬಂದವರಿಗೆ ಮೊದಲ ಗಂಟೆಗಳಲ್ಲಿ ಆಸ್ಪತ್ರೆಯಲ್ಲಿ ಇದ್ದಿಲ ಪುಡಿ ಅಥವಾ ಒಂದು ಬಗೆಯ ಜೇಡಿಮಣ್ಣನ್ನೇ ಕದಡಿ ಕೊಡುವುದು ಇದೇ ಗುಣ ನೆಚ್ಚಿಕೊಂಡು. ಆದರೆ ಬಾವಿಕಟ್ಟೆಯಲ್ಲಿ, ತೋಡಿನ ಬದಿಯಲ್ಲಿ ಪಂಪು ತೊಳೆದರೆ ಮಣ್ಣು ಏನು ಮಾಡೀತು? ನೇರ ನೀರಿಗೇ ಹೋಗುತ್ತದೆ. ಪಂಪನ್ನು ತೋಟದೊಳಗೇ, ನೀರಿನಿಂದ ದೂರ ತೊಳೆಯಿರಿ. ಹೊಡೆದ ಜಾಗದ ಹುಲ್ಲನ್ನು ದನಕ್ಕೆ ಹಾಕಬೇಡಿ, ದನವನ್ನು ಅಲ್ಲಿ ಮೇಯಲೂ ಬಿಡಬೇಡಿ.

ಮದ್ದು ಬಿಟ್ಟರೆ ಎಂತ ಮಾಡುವುದು ಅಂತ ನೀವು ಕೇಳೇ ಕೇಳುತ್ತೀರಿ. ನನ್ನ ಅಭಿಪ್ರಾಯ ಹೇಳುತ್ತೇನೆ: ಅಡಿಕೆ ತೋಟಕ್ಕೆ ಪ್ಯಾರಾಕ್ವಾಟ್ ಬೇಡ. ಅದು ತಾಗಿದ ಎಲೆಯನ್ನು ಮಾತ್ರ ಸುಡುತ್ತದೆ, ಗರಿಕೆಯಂಥ ಹುಲ್ಲು ಬುಡದಿಂದ ಮತ್ತೆ ಚಿಗುರುತ್ತದೆ, ನೀವು ಮತ್ತೆ ಹೊಡೆಯುತ್ತೀರಿ. ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಜಿಲ್ಲೆಯಲ್ಲಿ ಇಳಿಜಾರಿನ ನೆಲವನ್ನು ಬೋಳು ಮಾಡಿದರೆ ಮೇಲ್ಮಣ್ಣು ತೋಡಿಗೆ ಹೋಗುತ್ತದೆ. ಹುಲ್ಲು ಕತ್ತರಿಸುವ ಮಿಷನ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದಾ ವಿಚಾರಿಸಿ. ಅದರಲ್ಲೂ ಅಪಾಯ ಉಂಟು, ಕಲ್ಲು ಹಾರಿ ಕಣ್ಣಿಗೆ ಬೀಳುತ್ತದೆ, ಕನ್ನಡಕ ಮತ್ತು ಬೂಟು ಹಾಕಲೇಬೇಕು. ಮರದ ಬುಡಕ್ಕೆ ಸೋಗೆ, ಸೊಪ್ಪು ದಪ್ಪಕ್ಕೆ ಹೊದಿಸಿದರೆ ಹುಲ್ಲು ಅರ್ಧ ಕಡಿಮೆಯಾಗುತ್ತದೆ ಅಂತ ನನ್ನ ಹತ್ತಿರ ಬರುವ ಕೃಷಿಕರು ಹೇಳುತ್ತಾರೆ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲೋ ತೋಟದ ಬೆಳೆಗಳ ಸಂಶೋಧನೆ ಮಾಡುವ ವಿಟ್ಲದ ಸಿಪಿಸಿಆರ್‌ಐಯಲ್ಲೋ ಕೇಳಿದರೆ ಯಾವ ಹೊದಿಕೆ ಬೆಳೆ ಸರಿ ಅಂತ ಹೇಳುತ್ತಾರೆ, ಅದು ನನ್ನ ವಿಷಯವಲ್ಲ.

ಬೇರೆ ಕಳೆನಾಶಕಕ್ಕೆ ಬದಲಾಯಿಸಿದರೆ? ಗ್ಲೈಫೋಸೇಟ್ ಕುಡಿದವರು ಪ್ಯಾರಾಕ್ವಾಟ್ ಕುಡಿದವರಿಗಿಂತ ಬದುಕುವುದು ಜಾಸ್ತಿ, ಆದರೆ ಅದು ಕ್ಯಾನ್ಸರ್ ತರುವ ಸಂಭವ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳಿದೆ, ತರಬೇತಿ ಪಡೆದ ಕೀಟ ನಿಯಂತ್ರಣದವರು ಮಾತ್ರ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲಿ ಆದೇಶ ಮಾಡಿದೆ. ಗ್ಲುಫೋಸಿನೇಟ್ ಹೊಟ್ಟೆಗೆ ಹೋದರೆ ತಡವಾಗಿ ಫಿಟ್ಸ್ ಬರುತ್ತದೆ, ಉಸಿರು ನಿಲ್ಲುತ್ತದೆ. ಮದ್ದು ಬದಲಾದರೆ ಅಪಾಯದ ಬಗೆ ಬದಲಾಗುತ್ತದೆ ಅಷ್ಟೇ. ಅಪಾಯದ ವರ್ಗ ನೋಡಿ ಧೈರ್ಯ ತಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಪ್ಯಾರಾಕ್ವಾಟ್ 'ಮಧ್ಯಮ ಅಪಾಯ'ದ ಎರಡನೇ ವರ್ಗದಲ್ಲಿದೆ, ಆ ಲೆಕ್ಕ ಮುಖ್ಯವಾಗಿ ಇಲಿಗಳ ಮೇಲಿನ ಪ್ರಯೋಗದಿಂದ ಬಂದದ್ದು. ವಾರ್ಡಿನಲ್ಲಿ ನಾನು ಕಾಣುವುದರಲ್ಲಿ ಮಧ್ಯಮ ಅನ್ನುವಂಥದ್ದು ಏನೂ ಇಲ್ಲ. ತಲಪಾಡಿ ದಾಟಿದರೆ ಕೇರಳ, ಅಲ್ಲಿ 2011ರಿಂದ ಇದಕ್ಕೆ ನಿಷೇಧ ಇದೆ. ಶ್ರೀಲಂಕಾ ನಿಲ್ಲಿಸಿದ ಮೇಲೆ ಅಲ್ಲಿ ಕೀಟನಾಶಕ, ಕಳೆನಾಶಕದಿಂದ ಸಾಯುವವರು ಕಡಿಮೆಯಾದರು, ಭತ್ತದ ಇಳುವರಿಯೇನೂ ಬೀಳಲಿಲ್ಲ. ನಮ್ಮಲ್ಲೂ ಇದು ಅಂಗಡಿಯಿಂದ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮನೆಯಲ್ಲಿ ಉಳಿದಿರುವ ಬಾಟ್ಲಿ ಎಲ್ಲಿದೆ ಅಂತ ಇವತ್ತೇ ನೋಡಿ. ಸ್ವಲ್ಪ ಉಳಿಯಿತು ಅಂತ ನೀರಿನ ಬಾಟ್ಲಿಗೋ ಜ್ಯೂಸಿನ ಬಾಟ್ಲಿಗೋ ಹಾಕಿ ಬಚ್ಚಲಿನ ಅಟ್ಟದಲ್ಲಿ ಇಡುವುದು ನಮ್ಮ ಕಡೆ ಸಾಮಾನ್ಯ. ಮಕ್ಕಳು ಕುಡಿಯುತ್ತಾರೆ, ಕತ್ತಲೆಯಲ್ಲಿ ದೊಡ್ಡವರೂ ಕುಡಿಯುತ್ತಾರೆ. ಅದರದ್ದೇ ಡಬ್ಬದಲ್ಲಿ, ಬೀಗ ಹಾಕಿ, ಮನೆಯಿಂದ ಹೊರಗೆ ಇಡಿ. ಮನೆಯಲ್ಲಿ ಯಾರಿಗಾದರೂ ಮನಸ್ಸು ಸರಿಯಿಲ್ಲ, ಸಾಲದ ಚಿಂತೆ, ಜಗಳ ಅಂತಿದ್ದರೆ ಮನೆಯಲ್ಲಿ ಇಡಲೇಬೇಡಿ. ಒಂದು ಕ್ಷಣದ ಸಿಟ್ಟಿನಲ್ಲಿ ಕುಡಿದು ಮರುದಿನ "ಬದುಕಿಸಿ ಡಾಕ್ಟ್ರೇ" ಅನ್ನುವವರನ್ನು ನೋಡುವುದು ಬಹಳ ಸಂಕಟ. ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಬಾಯಿಗೆ ಹೋಯಿತು ಅಂತಾದರೆ, ಎಷ್ಟು ಕಡಿಮೆ ಇರಲಿ, ಉಗುಳಿದೆ ಅಂತ ಹೇಳಲಿ, ಆರಾಮವಾಗಿ ಕಾಣಲಿ, 108ಕ್ಕೆ ಫೋನ್ ಮಾಡಿ ನೇರ ದೊಡ್ಡ ಆಸ್ಪತ್ರೆಗೆ ಕರೆತನ್ನಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಸುಟ್ಟ ಗಂಟಲು ಇನ್ನೊಮ್ಮೆ ಸುಡುತ್ತದೆ. ಮದ್ದಿನ ಬಾಟ್ಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೊತೆಗೆ ತನ್ನಿ. ಇದರಲ್ಲಿ ಮೊದಲ ಕೆಲವು ಗಂಟೆಗಳಿಗೆ ಇರುವ ಬೆಲೆ ಆಮೇಲಿನ ಯಾವ ಚಿಕಿತ್ಸೆಗೂ ಇಲ್ಲ.

ನಿಮ್ಮ ಯಜಮಾನರಿಗೆ ಮಾತ್ರ ಅಂಥ ತುರ್ತು ಏನೂ ಇಲ್ಲ. ಮುಂದಿನ ರಕ್ತ ಪರೀಕ್ಷೆಗೆ ಹೋಗುವಾಗ ಅವರು ತಿನ್ನುವ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳನ್ನೆಲ್ಲ ತೆಗೆದುಕೊಂಡು ಹೋಗಿ, ಹೆಸರು ಬಾಯಲ್ಲಿ ಹೇಳಿದರೆ ಸಾಲದು. ಮಧ್ಯೆ ಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ ಒಂದೂವರೆ ತಿಂಗಳು ಕಾಯದೆ ಅದೇ ದಿನ ತೋರಿಸಿ. ನಿಮ್ಮ ತೋಟಕ್ಕೆ ಸಂಬಳಕ್ಕೆ ಬಂದು ಮದ್ದು ಹೊಡೆಯುವವರು ಯಾರಾದರೂ ಇದ್ದರೆ ಗ್ಲೌಸ್, ಕನ್ನಡಕ, ಸೋರದ ಪಂಪು ಅವರಿಗೂ ನೀವೇ ಕೊಡಬೇಕು.